ಎರಡನೆಯ ಶಿಖರ

ಹೊರಟಿತು, ಅಂತೂ ರೈಲು ಹೊರಟಿತು, ಕಿಟಕಿಯಾಚೆ ಎಣ್ಣೆ ಟ್ಯಾಂಕರುಗಳು ಹಿಂದಕ್ಕೆ ಸರಿಯುತ್ತಿವೆ, ಎದುರು ಸೀಟಿನ ಅಜ್ಜಿ ಸೊಪ್ಪಿನ ಮೂಟೆಗೆ ಕಾಲು ಒತ್ತಿ ಹೊಂಟ್ತು ಬಿಡಮ್ಮ ಅಂದಳು, ಬಾಗಿಲಲ್ಲಿ ನಿಂತವನು ನಮ್ದಲ್ಲಜ್ಜಿ, ಪಕ್ಕದ್ ಗೂಡ್ಸು, ಈ ಕಡೆ ಬೇವಿನ ಮರ ನೋಡು, ಅಲ್ಲೇ ಐತೆ ಅಂದ — ಮರ ಅಲ್ಲೇ ಇದೆ, ಮಾಲೂರು ಬಿಟ್ಟು ದೇವನಗೊಂದಿಯಲ್ಲಿ ನಾವೂ ಅಲ್ಲೇ ಇದ್ದೇವೆ, ಹತ್ತಕ್ಕೆ ಸಂಸ್ಥೆಯಲ್ಲಿ ನನ್ನ ಭಾಷಣ, ಅನಿಲ ನಕ್ಷತ್ರದೊಳಕ್ಕೆ ಬೀಳುತ್ತಿದೆ ಎನ್ನಬೇಕು, ಬೀಳುತ್ತಿದೆಯಾ, ಸರಿದದ್ದು ಅದೋ ನಾವೋ. ಎಳೆಯ ನಕ್ಷತ್ರ ಅದು, ಸೂರ್ಯನ ಹತ್ತು ಪಟ್ಟು ತೂಕ, ಸುತ್ತ ಧೂಳು, ಬೆಳಕು ಹೊರಗೆ ಬರುವುದಿಲ್ಲ, ಕಾಣೋದೇ ಇಲ್ಲ ಅಂತೀಯ, ಮತ್ತೆ ಅದೇನ್ ನೋಡ್ತೀಯ ನಾಹಿದ್ ಅಂದಿದ್ದಳು ಅಮ್ಮಿ, ರೇಡಿಯೊ ಬರುತ್ತೆ ಅಮ್ಮಿ, ಸುತ್ತಲಿನ ಮೆಥನಾಲ್ ಅನಿಲ ಒಂದೇ ಒಂದು ತರಂಗವನ್ನು ಹಿಗ್ಗಿಸಿ ಕಳಿಸುತ್ತೆ, ಮೇಸರ್ ಅಂತಾರೆ, ಗ್ರಾಫಿನಲ್ಲಿ ಸೂಜಿಯಂಥ ಶಿಖರ, ಅನಿಲದ ವೇಗ ಬದಲಾದರೆ ಶಿಖರ ಸರಿಯುತ್ತದೆ, ಮಾರ್ಚಿಗಿಂತ ಏಪ್ರಿಲಿನಲ್ಲಿ ಬಲಕ್ಕೆ ಸರಿದಿತ್ತು, ಅಂದರೆ ನಮ್ಮಿಂದ ದೂರಕ್ಕೆ, ನಕ್ಷತ್ರದ ಕಡೆಗೆ, ಬೀಳ್ತಿದೆ ಕಣಮ್ಮ ಎಂದ ನನ್ನ ಗೈಡ್ ಸರ್ ಎಲ್ಲರಿಗೂ ಹೇಳಿಬಿಟ್ಟರು, ಮುಂದಿನ ವರ್ಷದ ಫೆಲೋಶಿಪ್ಪೇ ಇದರ ಮೇಲೆ — ಆದರೆ ಭೂಮಿಯೂ ಓಡುತ್ತದೆ, ದಿಕ್ಕು ತಿರುಗಿಸುತ್ತ ಸೂರ್ಯನ ಸುತ್ತ ಓಡುತ್ತದೆ, ಆ ವೇಗವನ್ನು ಕಳೆಯಬೇಕು, ಕಳೆದವರು ಯಾರು. ಏಪ್ರಿಲಿನ ಕಡತ ಕೊಟ್ಟವನು ನಂದೀಶ್, ನನ್ನ ಸೀನಿಯರ್, ಇಲ್ಲಿಂದಲೇ ಫೋನ್ ಮಾಡಿದೆ, ಎತ್ತಿದಾಗ ಹಲ್ಲುಜ್ಜುತ್ತಿದ್ದ, ನೀನ್ ಕಳ್ದಿರ್ತೀಯ ಅನ್ಕೊಂಡೆ ಕಣೇ, ನಾನೋ ನೀನು ಕಳೆದಿರ್ತೀಯ ಅಂದುಕೊಂಡಿದ್ದೆ, ಅವನು ಉಗಿದು, ಸುಮ್ನೆ ಹೋಗಿ ಮಾತಾಡು, ನಿನ್ ಗ್ರಾಫಲ್ಲಿ ಇರೋದೊಂದು ಶಿಖರ, ಯಾವನ್ ಕಂಡ್ಹಿಡೀತಾನೆ ಅಂದ.

ಯಾವನೂ ಇಲ್ಲ, ನಿಜ, ಒಂದೇ ಶಿಖರ, ನಾನೇ ಗ್ರಾಫನ್ನು ಹಾಗೆ ಕತ್ತರಿಸಿದ್ದು, ಎಡಗಡೆ ಒಂದು ಉಬ್ಬಿತ್ತು, ಬರೀ ಗದ್ದಲ, ನಾಯ್ಸ್, ಎಂದು ಬಿಟ್ಟೆ, ಅದು ಇನ್ನೊಂದು ಅನಿಲದ ಮುದ್ದೆಯಾಗಿದ್ದರೆ, ಅದು ನಿಂತಲ್ಲೇ ನಿಂತಿದ್ದರೆ, ಬೇವಿನ ಮರದ ಹಾಗೆ, ನಾನು ಬಚಾವು, ಎರಡೂ ಒಂದೇ ಅಳತೆ ಸರಿದಿದ್ದರೆ ಸರಿದದ್ದು ಅವಲ್ಲ, ನಾವು. ಲ್ಯಾಪ್‌ಟಾಪು ತೊಡೆ ಸುಡುತ್ತಿದೆ, ಪರೀಕ್ಷೆನೇನಮ್ಮ ಅಂದಳು ಅಜ್ಜಿ, ಹೌದಜ್ಜಿ, ಗದ್ದಲ ಸೋಸು, ಇನ್ನೊಮ್ಮೆ ಸೋಸು — ಮಾರ್ಚಿನ ಉಬ್ಬು ಎದ್ದಿತು, ಸಣ್ಣದು, ಆದರೆ ನಿಜದ್ದು, ಏಪ್ರಿಲಿನದು ಇನ್ನೂ ತೆರೆಯುತ್ತಿದೆ, ನಿಂತಿರು, ಅಲ್ಲೇ ನಿಂತಿರು, ಎದ್ದಿತು — ಬಲಕ್ಕೆ, ದೊಡ್ಡದು ಸರಿದಷ್ಟೇ, ಕೂದಲೆಳೆ ಹೆಚ್ಚಿಲ್ಲ, ಕಡಿಮೆ ಇಲ್ಲ. ಅನಿಲ ಎಲ್ಲಿಗೂ ಬೀಳುತ್ತಿಲ್ಲ. ಮೊದಲ ಸ್ಲೈಡು, ನನ್ನ ಹೆಸರು, ಮೇಲೆ ದಪ್ಪ ಅಕ್ಷರದ ಶೀರ್ಷಿಕೆ, ನಕ್ಷತ್ರಕ್ಕೆ ಬೀಳುವ ಅನಿಲ, ಯಾವನ್ ಕಂಡ್ಹಿಡೀತಾನೆ, ನಾನು ಕಂಡುಹಿಡಿದೆನಲ್ಲೋ, ಶೀರ್ಷಿಕೆ ಅಳಿಸಿದೆ, ಖಾಲಿ ಜಾಗದಲ್ಲಿ ಕರ್ಸರ್ ಮಿಣುಕುತ್ತಿದೆ, ಏನು ಬರೆಯಲಿ, ಸರ್ ಮುಖ ಹೇಗೆ ನೋಡಲಿ, ಬೋಗಿ ಜಗ್ಗಿತು, ಈಗ ನಮ್ದೇ ಅಂದಳು ಅಜ್ಜಿ, ಬೇವಿನ ಮರ ಹಿಂದಕ್ಕೆ ಸರಿಯಿತು, ಕಂಬ ಸರಿಯಿತು, ಎಲ್ಲ ಒಟ್ಟಿಗೆ, ಬೇವಿನ ಮರ, ಬೇವಿನ ಮರ