ಸಾಹೇಬರ ಲ್ಯಾಪ್‌ಟಾಪ್ ವಿಚಾರಣೆ

ಊರಿನ ಅಂಗಡಿಯವರೆಲ್ಲ ಅವರನ್ನು ತೂಕದ ಸಾಹೇಬರು ಎಂದೇ ಕರೆಯುತ್ತಿದ್ದರು. ತೂಕ ಮತ್ತು ಅಳತೆ ಇಲಾಖೆಯ ಇನ್‌ಸ್ಪೆಕ್ಟರು; ಇಪ್ಪತ್ತಾರು ವರ್ಷಗಳಿಂದ ಅಂಗಡಿ ಅಂಗಡಿ ಅಲೆದು ತಕ್ಕಡಿಗಳ ಹುಳುಕು ಹುಡುಕುವುದೇ ಕೆಲಸ. ಇಂಥವರಿಗೆ ಐವತ್ತೆರಡನೇ ವಯಸ್ಸಿನಲ್ಲಿ ಕಂಪ್ಯೂಟರಿನಲ್ಲಿ ಲಾರಿ ಓಡಿಸುವ ಆಟದ ಹುಚ್ಚು ಹಿಡಿಯಿತು. ಬೇರೆಯವರು ಆ ಆಟದಲ್ಲಿ ಸಿಗ್ನಲ್ ಹಾರಿಸಿ, ಕಂಬಕ್ಕೆ ಗುದ್ದಿ ಮಜಾ ಮಾಡಿದರೆ ಸಾಹೇಬರು ಹಳದಿ ದೀಪ ಕಂಡ ಕೂಡಲೇ ಲಾರಿ ನಿಲ್ಲಿಸುತ್ತಿದ್ದರು. ಹಿಂದಿನ ಗಾಡಿಗಳು ಹಾರ್ನ್ ಹೊಡೆದು ಹೊಡೆದು ಸುಸ್ತಾಗುತ್ತಿದ್ದವು.

ಒಂದು ದಿನ ಗುಡ್ಡದ ರಸ್ತೆ ಹತ್ತುವಾಗ ಮನೆಯ ಹಳೇ ಕಂಪ್ಯೂಟರು ಏದುಸಿರು ಬಿಟ್ಟು ಕಣ್ಣು ಮುಚ್ಚಿತು. ವಿಚಾರಣೆ ಶುರುವಾದದ್ದು ಅಲ್ಲಿಂದ. ವಾರದಲ್ಲಿ ನಾಲ್ಕು ದಿನ ಸಾಹೇಬರಿಗೆ ಟೂರು, ಲಾಡ್ಜಿನ ವಾಸ. ಹಾಗಾಗಿ ಬ್ಯಾಗಿನಲ್ಲಿ ಹಾಕಿಕೊಂಡು ಹೋಗುವಂಥ ಹಗುರದ ಗೇಮಿಂಗ್ ಲ್ಯಾಪ್‌ಟಾಪ್ ಒಳ್ಳೆಯದು. ಆದರೆ ಅದು ಬೇಗ ಬಿಸಿಯಾಗುತ್ತದಂತೆ, ಪರದೆಯೂ ಚಿಕ್ಕದು. ಡೆಸ್ಕ್‌ಟಾಪಿನ ಜಾಗದಲ್ಲಿ ಗಟ್ಟಿಯಾಗಿ ಕೂರುವ ಭಾರದ ಲ್ಯಾಪ್‌ಟಾಪಿಗೆ ಹದಿನೆಂಟು ಇಂಚಿನ ಪರದೆ, ಎಷ್ಟು ಹೊತ್ತು ಓಡಿಸಿದರೂ ಜಗ್ಗುವುದಿಲ್ಲ. ಆದರೆ ಚಾರ್ಜರ್ ಸೇರಿ ನಾಲ್ಕೂವರೆ ಕಿಲೋ. ಹೊತ್ತುಕೊಂಡು ಬಸ್ಸು ಹತ್ತಿದರೆ ಭುಜ ಕೈಕೊಡುವುದು ಖಂಡಿತ. ಎರಡನ್ನೂ ಇಟ್ಟಿದ್ದ ಅಂಗಡಿ ಊರಿಗೆಲ್ಲ ಒಂದೇ, ಅದು ಸಾಹೇಬರ ಸ್ವಂತ ತಮ್ಮನದು.

ಆ ತಮ್ಮನಿಗೂ ಸಾಹೇಬರಿಗೂ ಏಳು ವರ್ಷದಿಂದ ಮಾತಿರಲಿಲ್ಲ. ತಮ್ಮ ಆಗ ಕೊರಿಯರ್ ಅಂಗಡಿ ನಡೆಸುತ್ತಿದ್ದ. ತಪಾಸಣೆಗೆ ಹೋದ ಸಾಹೇಬರು ಅವನ ತಕ್ಕಡಿ ಇಪ್ಪತ್ತು ಗ್ರಾಂ ಕಡಿಮೆ ತೋರಿಸುವುದನ್ನು ಹಿಡಿದರು. ಪಾರ್ಸೆಲ್ಲಿನ ತೂಕ ಕಡಿಮೆ ತೋರಿಸಿದರೆ ಗಿರಾಕಿಗೆ ಲಾಭ, ನಷ್ಟವೆಲ್ಲ ಅಂಗಡಿಯವನದೇ. "ಹೋಗ್ತಿರೋದು ನಂದು ತಾನೇ ಅಣ್ಣ, ಸರಿ ಮಾಡಿಸ್ತೀನಿ, ಬಿಟ್ಬಿಡು" ಎಂದ ತಮ್ಮ. ತಪ್ಪು ತೂಕ ಅಂದರೆ ತಪ್ಪು ತೂಕವೇ ಎಂದು ಸಾಹೇಬರು ಗಿರಾಕಿಗಳ ಎದುರೇ ತಕ್ಕಡಿ ಜಪ್ತಿ ಮಾಡಿ, ನೋಟಿಸ್ ಬರೆದು, ಸಹಿ ಹಾಕಿಸಿಕೊಂಡರು. ತೂಕದಲ್ಲಿ ಮೋಸ ಮಾಡುವವನೆಂದು ಸುದ್ದಿ ಹಬ್ಬಿತು. ಮೋಸ ಹೋದವರು ಯಾರು ಎಂಬ ವಿವರ ಸುದ್ದಿಗೆ ಬೇಕಿರಲಿಲ್ಲ. ಆರೇ ತಿಂಗಳಲ್ಲಿ ಕೊರಿಯರ್ ಅಂಗಡಿಗೆ ಬೀಗ ಬಿತ್ತು. ಆಮೇಲೆ ತಮ್ಮ ಕಂಪ್ಯೂಟರ್ ರಿಪೇರಿ ಕಲಿತು ಹೊಸ ಅಂಗಡಿ ತೆರೆದ.

ಗಂಡಂದಿರು ಮುಖ ತಿರುಗಿಸಿಕೊಂಡರೂ ಹೆಂಡತಿಯರು ಫೋನು ಬಿಟ್ಟಿರಲಿಲ್ಲ. ಸಾಹೇಬರ ಹೆಂಡತಿಗೂ ಅವರ ವಾರಗಿತ್ತಿಗೂ ದಿನಾ ಸಂಜೆ ಅರ್ಧ ಗಂಟೆ ಮಾತು. ಸಾಹೇಬರು ಆ ದಾರಿ ಹಿಡಿದರು.

"ಹಗುರದ್ದು ನಿಜವಾಗ್ಲೂ ಬಿಸಿ ಆಗತ್ತಾ? ನಿನ್ನ ವಾರಗಿತ್ತೀನ ಕೇಳು."

ಮರುದಿನ ತಮ್ಮನ ಉತ್ತರ ಬಂತು. "ಆಗತ್ತಂತೆ ರೀ. ತೊಡೆ ಮೇಲೆ ಇಟ್ಕೊಂಡು ಆಡೋಕಾಗಲ್ವಂತೆ."

"ಇನ್ನೇನಂದನಂತೆ?"

"ಅಷ್ಟೇ."

"ಧ್ವನಿ ಹೇಗಿತ್ತಂತೆ?"

"ಯಾರ ಧ್ವನಿ?"

ಸಾಹೇಬರು "ಲ್ಯಾಪ್‌ಟಾಪಿನ ಫ್ಯಾನಿಂದು" ಎಂದರು.

ಹೀಗೆ ಮೂರು ತಿಂಗಳು ನಡೆಯಿತು. ಭಾರದ್ದರ ಕೀಲಿಮಣೆ ಹೇಗೆ, ಹಗುರದ್ದರ ಬ್ಯಾಟರಿ ಎಷ್ಟು ಹೊತ್ತು, ಭಾರದ್ದಕ್ಕೆ ತಕ್ಕ ಬ್ಯಾಗು ಸಿಗುತ್ತದಾ, ಹಗುರದ್ದು ಬಿಸಿಯಾಗುತ್ತದೆ ಅಂದರೆ ಎಷ್ಟು ಬಿಸಿ. ಹೆಂಡತಿಗೆ ರೋಸಿಹೋಯಿತು.

"ನನ್ನ ಮದುವೆ ಆಗೋಕೆ ಮುಂಚೆ ನೀವು ಕೇಳಿದ್ದು ಎರಡೇ ಪ್ರಶ್ನೆ ರೀ! ಇದಕ್ಕೆ ನಲವತ್ತೊಂದಾಯ್ತು. ಇನ್ನೆಷ್ಟು ದಿನ ಮೀನಮೇಷ ಎಣಿಸ್ತೀರಿ?"

ಸಾಹೇಬರು ಪೇಪರು ಬಿಡಿಸಿಕೊಂಡರು. ಎಣಿಸುವುದನ್ನು ಬಿಡುವುದು ಹೇಗೆ? ಮೊದಲ ವಾರವೇ ತೀರ್ಮಾನ ಮಾಡಿದ್ದರೆ ಪ್ರಶ್ನೆ ನಿಂತುಹೋಗುತ್ತಿತ್ತು. ಪ್ರಶ್ನೆ ನಿಂತರೆ ಉತ್ತರವೂ ನಿಲ್ಲುತ್ತಿತ್ತು. ಇಬ್ಬರು ಹೆಂಗಸರ ಬಾಯಿ ದಾಟಿ ಸವೆದು ಬಂದರೇನಂತೆ, ಏಳು ವರ್ಷದ ಮೇಲೆ ತಮ್ಮನ ಮಾತು ಮನೆಗೆ ಬರುತ್ತಿತ್ತು. ಅವರಿಗೆ ತಮ್ಮ ಬೇಕಿದ್ದ. ಅದನ್ನು ಬಾಯಿಬಿಟ್ಟು ಹೇಳುವುದಕ್ಕಿಂತ ಹದಿನೆಂಟು ಇಂಚಿನ ಪರದೆಯ ಬಗ್ಗೆ ವಿಚಾರಿಸುವುದು ಸುಲಭವಾಗಿತ್ತು.

ನಲವತ್ತೆರಡನೆಯ ಪ್ರಶ್ನೆಗೆ ಬಂದ ಉತ್ತರ ಖಾರವಾಗಿತ್ತು. "ಬೇಕಾದವರು ಅಂಗಡಿಗೆ ಬಂದು ಕೈಯಲ್ಲಿ ಹಿಡಿದು ನೋಡ್ಲಿ, ನನ್ನ ಹೆಂಡ್ತಿಯೇನು ಟಪಾಲು ಕಚೇರಿನಾ ಅಂದನಂತೆ."

ಶನಿವಾರ ಸಾಹೇಬರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹೆಂಡತಿಯನ್ನು ಮುಂದೆ ಬಿಟ್ಟುಕೊಂಡು ಅಂಗಡಿಯ ಮೆಟ್ಟಿಲು ಹತ್ತಿದರು. ಒಳಗೆ ಬಿಚ್ಚಿಟ್ಟ ಯಂತ್ರಗಳು, ಬಟ್ಟಲು ತುಂಬ ಮೊಳೆಯಷ್ಟೂ ದಪ್ಪವಿಲ್ಲದ ಸ್ಕ್ರೂಗಳು, ಬೆಸುಗೆಯ ವಾಸನೆ. ತಮ್ಮನ ಕೂದಲು ಬೆಳ್ಳಗಾಗಿತ್ತು. ಅದನ್ನು ಯಾರೂ ಫೋನಿನಲ್ಲಿ ಹೇಳಿರಲಿಲ್ಲ. ಗಾಜಿನ ಮೇಜಿನ ಮೇಲೆ ಎರಡೂ ಲ್ಯಾಪ್‌ಟಾಪುಗಳು ತೆರೆದು ಕೂತಿದ್ದವು.

"ಅತ್ತಿಗೆ, ಎರಡೂ ಮುಂದೇನೇ ಇಟ್ಟಿದೀನಿ, ನೋಡ್ಬಹುದು ಅಂತ ಹೇಳಿ."

"ನೋಡ್ತಾ ಇದೀನಿ ಅಂತ ಹೇಳೇ."

ಎರಡಡಿ ಅಗಲದ ಮೇಜಿನ ಪಕ್ಕ ನಿಂತ ಆಕೆ ಎರಡು ಮಾತನ್ನೂ ಅಚ್ಚುಕಟ್ಟಾಗಿ ತಲುಪಿಸಿದರು.

ಸಾಹೇಬರು ಭಾರದ್ದನ್ನು ಎತ್ತಿ ಇಳಿಸಿದರು. ಹಗುರದ್ದನ್ನು ಎತ್ತಿದ ಕೈ ಅಲ್ಲೇ ನಿಂತಿತು. ಅದರ ಡಬ್ಬಿಯ ಮೇಲೆ ಒಂದು ಕಿಲೋ ಎಂಟುನೂರು ಗ್ರಾಂ ಎಂದು ಬರೆದಿತ್ತು. ಇಪ್ಪತ್ತಾರು ವರ್ಷ ಪಳಗಿದ ಕೈ, ಅಲ್ಲ ಎಂದಿತು. ಇಲ್ಲಿ ಬೇಡ, ಇವತ್ತು ಬೇಡ ಎಂದು ತಲೆಗೇನೋ ಗೊತ್ತಿತ್ತು. ಅಷ್ಟರಲ್ಲಿ ಕೈ ಬ್ಯಾಗಿನಿಂದ ಇಲಾಖೆಯ ಪುಟ್ಟ ತಕ್ಕಡಿ ತೆಗೆದು ಮೇಜಿನ ಮೇಲಿಟ್ಟು, ಲ್ಯಾಪ್‌ಟಾಪನ್ನು ಅದರ ಮೇಲೆ ಕೂರಿಸಿಯಾಗಿತ್ತು.

"ಅಯ್ಯೋ, ರೀ!" ಎಂದರು ಹೆಂಡತಿ.

"ನೂರ ನಲವತ್ತು ಗ್ರಾಂ ಜಾಸ್ತಿ," ಎಂದು ಸಾಹೇಬರ ಬಾಯಿಯೂ ಕೈಯ ಜೊತೆ ಸೇರಿಕೊಂಡಿತು.

ತಮ್ಮನ ಮುಖ ಕೆಂಪೇರಿತು. "ಬರೀರಿ ಸಾಹೇಬ್ರೇ. ನೋಟಿಸ್ ಬರೀರಿ. ಪೆನ್ನು ಕೊಡ್ಲಾ?"

ಏಳು ವರ್ಷದಲ್ಲಿ ಅವನು ಅಣ್ಣನಿಗೆ ನೇರವಾಗಿ ಆಡಿದ ಮೊದಲ ಮಾತು ಅದು.

"ಇದನ್ನ ಬಿಚ್ಚಿದಾರೆ. ಒಳಗೇನು ಹಾಕಿದೀಯ?"

"ತಾಮ್ರದ ತಗಡು! ಬಿಸಿ ಆಗತ್ತಾ, ಎಷ್ಟು ಬಿಸಿ ಆಗತ್ತೆ ಅಂತ ಹನ್ನೊಂದು ಸಲ ಕೇಳ್ಸಿದ್ಯಲ್ಲ. ಮೂರು ಭಾನುವಾರ ಕೂತು ಹಾಕ್ದೆ. ಈಗ ಬಿಸಿ ಆಗಲ್ಲ. ಬಿಲ್ಲಿಗೆ ಸೇರಿಸಿಲ್ಲ. ಅದೂ ತಪ್ಪಾದ್ರೆ ಅದನ್ನೂ ಬರ್ಕೋ."

ಸಾಹೇಬರು ಲ್ಯಾಪ್‌ಟಾಪನ್ನು ತಕ್ಕಡಿಯಿಂದ ಮೆಲ್ಲಗೆ ಇಳಿಸಿದರು. ತಕ್ಕಡಿ ಜಪ್ತಿ ಮಾಡಿದ ದಿನ ಸಹಿ ಹಾಕುವಾಗ ತಮ್ಮನ ಕೈ ನಡುಗಿತ್ತು. ಅಕ್ಷರ ಸರಿಯಾಗಿ ಬಂದಿಲ್ಲವೆಂದು ಅವರು ಎರಡನೇ ಸಲ ಹಾಕಿಸಿದ್ದರು. ಇಷ್ಟು ವರ್ಷ ಅದನ್ನು ಕರ್ತವ್ಯವೆಂದುಕೊಂಡಿದ್ದ ಸಾಹೇಬರಿಗೆ ಈಗ ತಲೆ ಎತ್ತಲಾರದಷ್ಟು ನಾಚಿಕೆಯಾಯಿತು.

"ಆವತ್ತು ನಾನು..." ಎಂದರು. ತಕ್ಕಡಿಯನ್ನು ಬ್ಯಾಗಿಗೆ ಹಾಕಿ, ಲ್ಯಾಪ್‌ಟಾಪುಗಳ ಕಡೆ ಕೈ ತೋರಿಸಿ, "ಯಾವುದು ತಗೊಳ್ಲೋ?" ಎಂದು ಕೇಳಿದರು.

"ನಿಂಗೆ ಎರಡೂ ಬೇಡ ಅಂತ ನಂಗೆ ಎರಡು ತಿಂಗಳಿಂದ ಗೊತ್ತು."

"ಗೊತ್ತಿದ್ದೂ ತಗಡು ಯಾಕೆ ಹಾಕ್ದೆ?"

ತಮ್ಮ ಸ್ಕ್ರೂ ಬಟ್ಟಲನ್ನು ಅತ್ತಿಂದಿತ್ತ ಸರಿಸಿದ. "ಸುಮ್ನೆ ಕೂತಿರೋಕೆ ಆಗ್ಲಿಲ್ಲ ಅಣ್ಣ."

ಇದನ್ನು ಯಾರಿಗೆ ತಲುಪಿಸಬೇಕೆಂದು ತೋಚದೆ ಸಾಹೇಬರ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು, ವಾರಗಿತ್ತಿಗೆ ಫೋನು ಮಾಡಲು ಹೊರಗೆ ಹೋದರು. ಅವರು ಹೋದದ್ದು ಇಬ್ಬರಿಗೂ ತಿಳಿಯಲಿಲ್ಲ.

"ಇನ್ನೂ ತೀರ್ಮಾನಕ್ಕೆ ಬರೋಕಾಗಿಲ್ಲ ಕಣೋ," ಎಂದರು ಸಾಹೇಬರು. "ನಾಳೆ ಬಂದು ಇನ್ನೊಂದ್ಸಲ ನೋಡ್ಲಾ?"

ತಮ್ಮ ಮೇಜಿನಡಿಯಿಂದ ಸ್ಟೂಲು ಎಳೆದು ಅಣ್ಣನ ಕಡೆ ತಳ್ಳಿದ.

"ಇವತ್ತಿಂದು ಮುಗೀಲಿ. ಈಗ ತಾನೇ ಬಂದಿದೀಯ, ಕೂತ್ಕೋ."

ಸಾಹೇಬರು ಕೂತರು.