ಬೆಲ್ಲದ ಜಗಳ ನೋಡಲು ಬಂದವರು

ನನ್ನ ಹೆಂಡತಿ ಅನಸೂಯ ಯೂಟ್ಯೂಬಿನಲ್ಲಿ ಅಡುಗೆ ಚಾನೆಲ್ ತೆರೆದಾಗ ಅದನ್ನು ನೋಡುತ್ತಿದ್ದವರು ಮೈಸೂರಿನ ಅವಳ ಅಕ್ಕತಂಗಿಯರು, ಮತ್ತೆ ಬೇರೆ ದಾರಿಯಿಲ್ಲದ ನಾನು. 2017ರ ಮಾತು. ಸಾನಪಾಡಾದ ನಮ್ಮ ಅಡುಗೆಮನೆಯಲ್ಲಿ ಮೊಬೈಲ್ ಹಿಡಿದು ನಿಲ್ಲುವುದು ನನ್ನ ಕೆಲಸ. ವಾರವಿಡೀ ಬ್ಯಾಂಕಿನಲ್ಲಿ ದುಡಿದವನಿಗೆ ಭಾನುವಾರ ಸಿಕ್ಕ ಬಡ್ತಿ ಇದು.

ಎದುರು ಕಟ್ಟಡದ ನೆಲಮಹಡಿಯ ಬಾಗಿ ಅವಳ ಜೀವದ ಗೆಳತಿ. ಉಡುಪಿ ಕಡೆಯವಳು, ಗಂಡ ಲೋಕನಾಥನದು ವಾಶಿಯಲ್ಲಿ ಸಣ್ಣ ಹೋಟೆಲು. ಅನಸೂಯ ಊರು ಬಿಟ್ಟು ಬಂದ ಹೊಸದರಲ್ಲಿ ಒಬ್ಬಳೇ ಕೂತು ಅಳುತ್ತಿದ್ದಾಗ ಜೊತೆಗೆ ಕೂತವಳು ಬಾಗಿ. ಪ್ರತಿ ವರಮಹಾಲಕ್ಷ್ಮಿ ಹಬ್ಬದಲ್ಲೂ ನಮ್ಮ ಮನೆಯ ಮೊದಲ ಕುಂಕುಮ ಅವಳಿಗೇ.

ಒಂದು ದಿನ ಬಾಗಿ ಸಾರಿನ ವೀಡಿಯೋದ ಕೆಳಗೆ ತಮಾಷೆಗೆ ಬರೆದಳು: "ಬೆಲ್ಲ ಹಾಕದ ಸಾರು ಸಾರಲ್ಲ, ಕಷಾಯ." ಅನಸೂಯ ಉತ್ತರ ಕೊಟ್ಟಳು: "ಬೆಲ್ಲ ಹಾಕಿದರೆ ಅದು ಪಾಯಸ." ಸಂಜೆಯೊಳಗೆ ಡೊಂಬಿವಲಿಯಿಂದ ಬದಲಾಪುರದವರೆಗಿನ ಕನ್ನಡಿಗರೆಲ್ಲ ಅಲ್ಲಿ ಜಮಾಯಿಸಿ ಬಡಿದಾಡುತ್ತಿದ್ದರು.

"ಜನ ರುಚಿಗೆ ಬರಲ್ಲ ಕಣೇ, ಜಗಳಕ್ಕೆ ಬರ್ತಾರೆ," ಎಂದಳು ಅನಸೂಯ.

"ಹಾಗಾದ್ರೆ ಜಗಳವೇ ಕೊಡುವ ಮಾರಾಯ್ತಿ. ನಮ್ಮ ಗಂಟೆಂತ ಹೋಗ್ತದೆ?" ಎಂದಳು ಬಾಗಿ.

ಬಾಗಿಯೂ ಚಾನೆಲ್ ತೆರೆದಳು. ಇವಳು ಅವಳ ಸಾಂಬಾರನ್ನು ಹಳಿದರೆ ಅವಳು ಇವಳ ಬಿಸಿಬೇಳೆಬಾತಿನಲ್ಲಿ ಕಲ್ಲು ಹುಡುಕಿದಳು. ಬೈಗುಳಗಳನ್ನು ಮಾತ್ರ ಇಬ್ಬರೂ ನಮ್ಮ ಸೋಫಾದ ಮೇಲೆ ಕೂತು, ನಕ್ಕು ನಕ್ಕು, ಒಟ್ಟಿಗೇ ಬರೆಯುತ್ತಿದ್ದರು. ನೋಡುವವರು ಸಾವಿರಗಟ್ಟಲೆ ಏರಿದರು. ಹುಚ್ಚುಮುಂಡೆ ಮದುವೆಯಲ್ಲಿ ಉಂಡವನೇ ಜಾಣ ಎಂದುಕೊಂಡು ನಾನು ಎರಡೂ ಮನೆಯ ಸಾರು ಉಂಡೆ.

ಆದರೆ ಹೊರಗೆ ಇಬ್ಬರೂ ಒಟ್ಟಿಗೆ ಕಾಣಿಸಿಕೊಳ್ಳುವಂತಿರಲಿಲ್ಲ. ವಾಶಿ ಮಾರ್ಕೆಟ್ಟಿಗೆ ಬೇರೆ ಬೇರೆ ರಿಕ್ಷಾ. ನಮ್ಮ ಮನೆಗೆ ಬರುವಾಗ ಬಾಗಿ ಸ್ಕೂಟರ್ ಹುಡುಗಿಯರಂತೆ ಮುಖಕ್ಕೆ ದುಪಟ್ಟಾ ಸುತ್ತಿಕೊಳ್ಳುತ್ತಿದ್ದಳು.

ಶ್ರಾವಣ ಬಂತು. ಕನ್ನಡ ಸಂಘದ ಶ್ರೀವಿದ್ಯಾ ಮತ್ತವಳ ಬಳಗ, ಎಲ್ಲರೂ ಬೆಲ್ಲವಿರೋಧಿ ಪಕ್ಷದವರು, ಹಬ್ಬಕ್ಕೆ ತಾವೂ ಬರುವುದಾಗಿ ತಿಳಿಸಿದರು. ಅನಸೂಯ ಬಾಗಿಗೆ ಫೋನ್ ಮಾಡಿದಳು. "ಅವರೆಲ್ಲ ಹೋದ್ಮೇಲೆ ಬಾರೇ, ಯಾರೂ ನೋಡದ ಹಾಗೆ."

ಬಾಗಿ ಹೇಳಿದ್ದು ಪಕ್ಕದಲ್ಲಿದ್ದ ನನಗೂ ಕೇಳಿಸಿತು. "ಕದ್ದು ಕುಂಕುಮ ತಗೊಳ್ಳುವಂಥದ್ದು ನಾನೆಂತ ಮಾಡಿದ್ದೇನೆ? ನೀವು ನಿಮ್ಮ ಜನ ನೋಡ್ಕೊಳ್ಳಿ." ಯಾವತ್ತೂ ನೀನು ಎನ್ನುತ್ತಿದ್ದವಳು ನೀವು ಎಂದಿದ್ದಳು. ಅನಸೂಯ ಅಂದು ಊಟ ಮಾಡಲಿಲ್ಲ.

ಹಬ್ಬದ ಸಂಜೆ ನಮ್ಮ ಹಾಲ್ ತುಂಬ ರೇಷ್ಮೆ ಸೀರೆಗಳು. ಹಾಡು, ಕೋಸಂಬರಿ ಎಲ್ಲ ಮುಗಿದು ಕುಂಕುಮ ಕೊಡುವ ಹೊತ್ತಿಗೆ ಶ್ರೀವಿದ್ಯಾ ಹೇಳಿದಳು: "ಆ ಹೋಟೆಲಿನವಳನ್ನ ಕರೀಲಿಲ್ಲ ತಾನೆ? ಒಳ್ಳೇದಾಯ್ತು ಬಿಡಿ. ಅವಳೆಲ್ಲಿ, ನೀವೆಲ್ಲಿ."

ಅನಸೂಯಳ ಮುಖ ಕಪ್ಪಿಟ್ಟಿತು. ತಮಾಷೆಯನ್ನು ಇವರು ಇಷ್ಟು ದೂರ ಕೊಂಡೊಯ್ದಿದ್ದಾರೆಂದು ತಿಳಿದು ನನಗೂ ನಾಚಿಕೆಯಾಯಿತು. ಅವಳು ಅರಿಸಿನ ಕುಂಕುಮದ ತಟ್ಟೆಯನ್ನೂ ತಾಂಬೂಲದ ಬುಟ್ಟಿಯನ್ನೂ ಎತ್ತಿಕೊಂಡು, ಯಾರಿಗೂ ಹೇಳದೆ ಮೆಟ್ಟಿಲಿಳಿದು ಹೋದಳು.

ಹೆಂಗಸರೆಲ್ಲ ಕಿಟಕಿಗೆ ಮುತ್ತಿದರು. ಮೊಬೈಲುಗಳು ಮೇಲೆದ್ದವು. ಎದುರು ಕಟ್ಟಡದಲ್ಲಿ ಬಾಗಿಯ ಬಾಗಿಲು ಬಡಿಯುತ್ತಿದ್ದ ಅನಸೂಯಳ ದನಿ ನಮ್ಮ ಕಿಟಕಿಗೂ ಕೇಳಿಸಿತು.

"ಬಾಗಿ, ನಂದು ತಪ್ಪಾಯ್ತು ಕಣೇ. ಬಾಗಿಲು ತೆಗಿ."

ಬಾಗಿಲು ತೆರೆಯಿತು. ಬಾಗಿ ನಮ್ಮ ಕಿಟಕಿಯತ್ತ ನೋಡಿದಳು. "ಮೇಲೆ ಎಲ್ಲ ವೀಡಿಯೋ ತೆಗೀತಿದ್ದಾರೆ. ನಿನ್ನ ಚಾನೆಲ್ ಹೋಯ್ತು."

"ಹೋಗ್ಲಿ. ಇಲ್ಲಿ ತಿರುಗು."

ಹಣೆಗೆ ಕುಂಕುಮವಿಟ್ಟಳು. ಬಾಗಿ ಸೆರಗಿನಿಂದ ಕಣ್ಣೊರೆಸಿಕೊಂಡು ಅವಳನ್ನು ಒಳಗೆಳೆದುಕೊಂಡಳು.

ಇತ್ತ ಹಾಲಿನಲ್ಲಿ ಚಡಪಡಿಕೆ ಶುರುವಾಯಿತು. ಕುಂಕುಮವಿಲ್ಲದೆ ಹಬ್ಬದ ಮನೆಯಿಂದ ಮುತ್ತೈದೆಯರು ಏಳುವಂತಿಲ್ಲ.

"ನಾಗರಾಜ್ ಸಾರ್, ಮೇಡಂ ಯಾವಾಗ ಬರ್ತಾರೆ? ನಮಗಿನ್ನೂ ಕುಂಕುಮ ಆಗಿಲ್ಲ," ಎಂದಳು ಶ್ರೀವಿದ್ಯಾ.

"ತಟ್ಟೆ ಆ ಮನೇಲಿದೆಯಲ್ಲಮ್ಮ," ಎಂದೆ. ಇಂಥ ಸುಖ ನನಗೆ ಬ್ಯಾಂಕಿನಲ್ಲಿ ಒಂದು ದಿನವೂ ಸಿಕ್ಕಿರಲಿಲ್ಲ.

ಒಬ್ಬೊಬ್ಬರಾಗಿ ಇಳಿದು ಹೋದರು. ಬಾಗಿ ತನ್ನ ಹೊಸ್ತಿಲಲ್ಲಿ ನಿಂತು ಕುಂಕುಮವಿಟ್ಟಳು, ಅನಸೂಯ ಪಕ್ಕದಲ್ಲಿ ನಿಂತು ತೆಂಗಿನಕಾಯಿ, ವೀಳ್ಯ ಕೊಟ್ಟಳು. ಮೊಬೈಲ್ ಎತ್ತಲು ಯಾರ ಕೈಯೂ ಖಾಲಿಯಿರಲಿಲ್ಲ. ಕೊನೆಗೆ ಬಂದ ಶ್ರೀವಿದ್ಯಾ ತಲೆ ತಗ್ಗಿಸಿ ನಿಂತಳು. ಹೋಟೆಲಿನವಳು ಅವಳ ಗಲ್ಲ ಹಿಡಿದು ಮುಖವೆತ್ತಿ, ಎಲ್ಲರಿಗಿಂತ ದೊಡ್ಡ ಬೊಟ್ಟಿಟ್ಟಳು.