ಧಣಿಯ ಕೆಳಗಿನ ಟೈರು

"ಆ ಕಡೆ ಹಾಕೋ ಬೇವರ್ಸಿ, ಆ ಕಡೆ! ಬಿಸಿಲು ಯಾವ ಕಡೆಯಿಂದ ಬರ್ತಿದೆ ಅಂತ ಕಾಣಲ್ವಾ? ತಲೆ ಮೇಲೆ ಕೂದಲೂ ಇಲ್ಲ, ಒಳಗೆ ಬುದ್ಧಿಯೂ ಇಲ್ಲ!"

ಬೋಳ ರಸ್ತೆ ಬದಿಯ ಜಲ್ಲಿಯ ಮೇಲೆ ಮಂಡಿಯೂರಿ ಜಾಕು ತಿರುಗಿಸುತ್ತಿದ್ದ. ಅಪ್ಪ ಅಮ್ಮ ಇಟ್ಟ ಚೆಂದದ ಹೆಸರೊಂದು ಅವನಿಗೂ ಇತ್ತು. ಧಣಿಯ ಕಾರಿನ ಡ್ರೈವರ್ ಆದ ದಿನವೇ ಅದಕ್ಕೆ ಎಳ್ಳುನೀರು ಬಿಟ್ಟಾಯಿತು.

ಕಾರಿಗಿದ್ದ ನಾಲ್ಕು ಟೈರಿನಲ್ಲಿ ನೆಟ್ಟಗಿದ್ದದ್ದು ಒಂದೇ. ಉಳಿದ ಮೂರೂ ಬೋಳನ ತಲೆಗಿಂತ ನುಣ್ಣಗಿದ್ದವು. ಡಿಕ್ಕಿಯಲ್ಲಿದ್ದ ಸ್ಟೆಪ್ನಿಯ ವಿಷಯ ಎತ್ತದಿರುವುದೇ ವಾಸಿ, ಅದರೊಳಗೆ ಇಲಿ ಮರಿ ಹಾಕಿತ್ತು. ಧಣಿಯ ನಂಬಿಕೆಯೊಂದಿತ್ತು ನೋಡಿ: ಒಳ್ಳೇ ಟೈರು ಯಾರ ಕುಂಡೆಯ ಕೆಳಗಿರುತ್ತದೋ ಅವರ ಕೂದಲೂ ಕೊಂಕುವುದಿಲ್ಲ. ಹಾಗಾಗಿ ಅದು ಸದಾ ಧಣಿ ಕೂರುವ ಮೂಲೆಯಲ್ಲೇ ಇರಬೇಕು. ಹೋಗುವಾಗ ಹಿಂದಿನ ಎಡಗಡೆ. ಬರುವಾಗ ಅಲ್ಲಿ ಬಿಸಿಲು ಬಿದ್ದರೆ ಧಣಿ ಬಲಕ್ಕೆ ಸರಿಯುತ್ತಾನೆ, ಆಗ ಟೈರೂ ಬಲಕ್ಕೆ ಸರಿಯಬೇಕು. ಕಾರು ಓಡಿದ್ದಕ್ಕಿಂತ ಜಾಕಿನ ಮೇಲೆ ನಿಂತದ್ದೇ ಹೆಚ್ಚು.

"ಆಯ್ತು ಧಣೀ," ಅಂದ ಬೋಳ, ಬೆವರು ಒರೆಸಿಕೊಳ್ಳುತ್ತ.

"ಆಯ್ತು ಅಂತ ಅಲ್ಲೇನು ನಿಂತಿದೀಯಾ? ಪಂಕ್ಚರ್ ಅಂಗಡಿಗೆ ಹೊಡಿ, ಗಾಳಿ ಹಾಕಿಸ್ಬೇಕು."

ಪಂಕ್ಚರ್ ಅಂಗಡಿಯವನು ಮುಂದಿನ ಎಡಗಡೆಯ ಟೈರು ನೋಡಿದ್ದೇ ಕೈಯಲ್ಲಿದ್ದ ಗಾಳಿ ಪೈಪು ಕೆಳಗಿಟ್ಟ. ಟೈರಿನ ಪಕ್ಕದಲ್ಲಿ ಕೋಳಿಮೊಟ್ಟೆಯಷ್ಟು ದೊಡ್ಡ ಬೊಕ್ಕೆ ಎದ್ದಿತ್ತು. ಅವನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದ.

"ಅಣ್ಣಾ, ಇದು ಟೈರಲ್ಲ, ಕುರು. ಯಾವಾಗ ಒಡೆಯುತ್ತೋ ಹೇಳಕ್ಕಾಗಲ್ಲ. ಹಿಂದಿಂದು ನೋಡು, ತಂತಿ ಹಲ್ಲು ಕಿರೀತಿದೆ."

"ಏನೋ ಅದು ನಿಮ್ಮ ಪಂಚಾಯ್ತಿ?" ಧಣಿ ಕಿಟಕಿಯಿಂದ ಮುಖ ಹೊರಹಾಕಿದ.

"ಧಣೀ, ಈ ಮೂರೂ ಇವತ್ತೇ ಬದಲಾಯಿಸ್ಬೇಕು," ಅಂದ ಅಂಗಡಿಯವನು. "ಗೆರೆ ಪೂರ್ತಿ ಸವೆದಿದೆ. ಮಳೆ ಬಂದ್ರೆ ಬ್ರೇಕ್ ಹಾಕಿದ್ರೂ ಜಾರುತ್ತೆ."

"ಗಾಳಿ ನಿಲ್ಲುತ್ತೋ ಇಲ್ವೋ?"

"ನಿಲ್ಲುತ್ತೆ, ಆದ್ರೆ..."

"ಮತ್ತೆ? ಉಸಿರಾಡೋರನ್ನ ಯಾರಾದ್ರೂ ಹೂಳ್ತಾರೇನೋ? ಕಪ್ಪು ಪಾಲಿಶ್ ಹಚ್ಚು, ಮಿಂಚ್ಬೇಕು. ನಾಳೆ ಬೆಟ್ಟದ ಕೆಳಗಿನ ಶಾಲೇಲಿ ನಾನೇ ಮುಖ್ಯ ಅತಿಥಿ. ಮಕ್ಕಳಿಗೆ ರಸ್ತೆ ಸುರಕ್ಷತೆ ಬಗ್ಗೆ ಭಾಷಣ ಇದೆ."

ಪಂಕ್ಚರ್ ಅಂಗಡಿಯವನಿಗೆ ಕೆಮ್ಮು ಬಂತು. ಬೋಳನಿಗೆ ನಗು ಬರಲಿಲ್ಲ. ಧಣಿಗೆ ಹೊರಗಿನ ಊಟ ಆಗದು. ಹಾಗಾಗಿ ನಾಳೆ ಬುತ್ತಿ ಹಿಡಿದು ಮುಂದಿನ ಎಡಗಡೆಯ ಸೀಟಿನಲ್ಲಿ ಕೂರಬೇಕಾದವಳು ಆ ಮನೆಯ ಅಡುಗೆಯವಳು, ಅಂದರೆ ಬೋಳನ ಹೆಂಡತಿ. ತುಂಬಿದ ಬಸುರಿ. ಅವಳ ಕಾಲ ಹತ್ತಿರವೇ ಆ ಕುರು.

"ಧಣೀ," ಬೋಳ ಕೈಮುಗಿದ. "ಬೆಟ್ಟದ ಇಳಿಜಾರು. ನನ್ನ ಹೆಂಡ್ತಿ ಈ ಟೈರಿನ ಮೇಲೇ ಕೂರೋದು. ಹೊಟ್ಟೇಲಿ ಮಗು ಇದೆ."

ಧಣಿ ಹೊಟ್ಟೆ ಕುಲುಕಿಸಿ ನಕ್ಕ. "ಒಳ್ಳೇದಾಯ್ತಲ್ಲೋ! ಎರಡು ಜೀವ ಇದೆ. ಒಂದು ಹೋದ್ರೆ ಇನ್ನೊಂದು ಸ್ಟೆಪ್ನಿ!"

ಕೆಮ್ಮುತ್ತಿದ್ದವನ ಕೆಮ್ಮು ನಿಂತಿತು. ಬೋಳ ಬಟ್ಟೆಗೆ ಪಾಲಿಶ್ ಹಾಕಿಕೊಂಡು ಆ ಕುರುವನ್ನು ಉಜ್ಜಿದ, ಹೊಳೆಯುವ ತನಕ ಉಜ್ಜಿದ.

ಸಂಜೆ ಹಿತ್ತಲಲ್ಲಿ ಹೆಂಡತಿ ಊದಿದ ಕಾಲು ಚಾಚಿಕೊಂಡು ಧಣಿಯ ಮನೆಯ ಪಾತ್ರೆ ತಿಕ್ಕುತ್ತಿದ್ದಳು. ಬೋಳ ಎಲ್ಲಾ ಹೇಳಿದ, ಸ್ಟೆಪ್ನಿಯ ಮಾತನ್ನೂ ಹೇಳಿದ. ಅವಳ ಕೈಯಲ್ಲಿದ್ದ ಸೌಟು ಟಣ್ಣೆಂದು ಕೆಳಗೆ ಬಿತ್ತು.

"ಅವನ ಬಾಯಿಗೆ ಹುಳ ಬೀಳ! ಅವನ ಅಮ್ಮ ಅವನ್ನ ಹೆತ್ಳೋ, ಡಿಕ್ಕಿಯಿಂದ ಇಳಿಸ್ಕೊಂಡ್ಳೋ?"

"ಒಳ್ಳೇ ಟೈರನ್ನ ನಿನ್ನ ಕಡೆ ಹಾಕ್ಬಿಡ್ತೀನಿ ಕಣೇ."

"ಏನ್ರೀ ನೀವು, ಅಷ್ಟೂ ಗೊತ್ತಾಗಲ್ವಾ? ನನ್ನ ಕಡೆ ಹಾಕಿದ್ರೆ ನನ್ನ ಹಿಂದಕ್ಕೆ ಅಟ್ಟಿ ಅವನೇ ಮುಂದೆ ಬಂದು ಕೂರ್ತಾನೆ." ಅವಳು ಸೌಟು ಎತ್ತಿಕೊಂಡು ಯೋಚಿಸಿದಳು. ಆಮೇಲೆ ಒಂದು ನಗು ನಕ್ಕಳು. ಬಹಳ ದಿನದಿಂದ ಬೋಳ ಆ ನಗು ನೋಡಿರಲಿಲ್ಲ. "ನಿಮ್ಮ ಕೆಳಗೇ ಹಾಕ್ಕೊಳ್ಳಿ. ಅಲ್ಲಿಗೆ ಹೆಂಗೆ ಬರ್ತಾನೋ ಬರ್ಲಿ, ನೋಡೇಬಿಡೋಣ."

ಬೆಳಿಗ್ಗೆ ಧಣಿ ಗರಿಗರಿ ಬಟ್ಟೆ ತೊಟ್ಟು, ಕೋಲು ಹಿಡಿದು ಬಂದ. ರೂಢಿಯಂತೆ ಹಿಂದಿನ ಎಡಗಡೆಯ ಟೈರಿಗೆ ಕೋಲಿನಿಂದ ತಟ್ಟಿದ. ಬಗ್ಗಿ ನೋಡಿದ. ತಂತಿ ಹಲ್ಲು ಕಿರಿಯಿತು.

"ಲೋ! ಒಳ್ಳೇದು ಎಲ್ಲೋ?"

"ನನ್ನ ಕೆಳಗಿದೆ ಧಣೀ," ಅಂದ ಬೋಳ, ಸ್ಟಿಯರಿಂಗ್ ಹಿಂದೆ ಕೂತೇ.

"ಸೂಳೇಮಗನೇ, ನಿಂಗ್ಯಾಕೋ ಅದು? ಬಿಚ್ಚೋ, ಈಗ್ಲೇ ಬಿಚ್ಚೋ!"

"ಜಾಕಿಲ್ಲ ಧಣೀ."

"ಎಲ್ಲಿ ಹೋಯ್ತು?"

"ಬಾವೀಲಿದೆ."

"ಬಾವಿಗೆ ಹೆಂಗೋ ಬಿತ್ತು?"

"ಎತ್ತಿ ಹಾಕಿದ್ರೆ ಬೀಳದೆ ಇರುತ್ತಾ ಧಣೀ?"

ಧಣಿಯ ಬಾಯಿಂದ ಬಂದ ಬೈಗುಳ ಕೇಳಿ ಕಾಂಪೌಂಡಿನ ಮೇಲಿನ ಕಾಗೆಗಳು ಹಾರಿಹೋದವು. ಅಷ್ಟರಲ್ಲಿ ಶಾಲೆಯಿಂದ ಫೋನು, ಮಕ್ಕಳು ಸಾಲಾಗಿ ನಿಂತಿದ್ದಾರೆ, ಎಲ್ಲಿದ್ದೀರಿ ಅಂತ. ಧಣಿ ಹಿಂದಿನ ಟೈರು ನೋಡಿದ, ಗೇಟಿನಾಚೆ ಬೆಟ್ಟದ ಇಳಿಜಾರು ನೋಡಿದ. ಇಷ್ಟು ವರ್ಷದಲ್ಲಿ ಮೊದಲ ಸಲ ಸವೆದ ಟೈರು ಅವನಿಗೆ ಸವೆದ ಹಾಗೆ ಕಂಡಿತು. ತನ್ನ ಪ್ರಾಣ ಅಂದರೆ ಎಂಥವನಿಗೂ ಬೆಲ್ಲವೇ ಅಲ್ಲವೇ!

"ಏಳೋ ಮೇಲೆ!" ಅಂದ. "ಅಲ್ಲಿ ನಾನು ಕೂರ್ತೀನಿ."

"ಬನ್ನಿ ಧಣೀ, ಬನ್ನಿ." ಬೋಳ ಕೀಲಿಕೈ ಕಿತ್ತು ಜೇಬಿಗಿಳಿಸಿ, ಇಳಿದು ಬಾಗಿಲು ಹಿಡಿದ. ಧಣಿಯ ಹೊಟ್ಟೆ ಸ್ಟಿಯರಿಂಗಿಗೆ ಸಿಕ್ಕಿಕೊಂಡಿತು. ಬೋಳ ಮರ್ಯಾದೆಯಿಂದ ಒಳಕ್ಕೆ ತುರುಕಿ ಬೆಲ್ಟು ಹಾಕಿದ. ಒಳ್ಳೇ ಟೈರು ಕೆಳಗೆ ಸಿಕ್ಕಿದ ಸಮಾಧಾನಕ್ಕೆ ಧಣಿ ಉಸಿರುಬಿಟ್ಟು, ಕಣ್ಣು ಮುಚ್ಚಿ, ಅಭ್ಯಾಸಬಲದಿಂದ ಅಂದ: "ಹೂಂ, ಹೊಡಿ."

ಕಾರು ಕದಲಲಿಲ್ಲ. ಧಣಿ ಕಣ್ಣು ಬಿಟ್ಟರೆ ಎದುರಿಗೆ ಸ್ಟಿಯರಿಂಗ್. ಕನ್ನಡಿಯಲ್ಲಿ ನೋಡಿದರೆ ಹಿಂದಿನ ಸೀಟಿನಲ್ಲಿ ಬೋಳ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಪಕ್ಕದಲ್ಲಿ ಹೆಂಡತಿ ಬುತ್ತಿ ಬಿಚ್ಚಿ ಆಗಲೇ ಒಂದು ತುತ್ತು ಬಾಯಿಗಿಟ್ಟಿದ್ದಳು. ಧಣಿ ತಿರುಗಲು ಹೋದ. ಹೊಟ್ಟೆ ಒತ್ತಿ ಹಾರನ್ ಪೋಂ ಎಂದಿತು.

"ಇಳೀರೋ! ಇಳೀರೋ ನನ್ನ ಸೀಟಿಂದ! ನಂಗೆ ಕಾರು ಓಡ್ಸಕ್ಕೆ ಬರಲ್ಲ ಕಣೋ!"

ಬೋಳ ಸೀಟಿಗೆ ಬೆನ್ನು ಆನಿಸಿದ. ಮೆತ್ತಗಿತ್ತು. ಇಷ್ಟು ಮೆತ್ತಗಿರುತ್ತದೆಂದು ಅವನಿಗೆ ಗೊತ್ತೇ ಇರಲಿಲ್ಲ.

"ರೀ, ಈ ಕಡೆ ಬಿಸಿಲು ಹೊಡೀತಿದೆ," ಅಂದಳು ಹೆಂಡತಿ.

ಬೋಳ ಮುಂದಕ್ಕೆ ಬಾಗಿ ಧಣಿಯ ಭುಜ ತಟ್ಟಿದ.

"ಕೇಳಿಸ್ತೇನೋ? ಬಿಸಿಲಂತೆ. ಬಾವಿಗಿಳಿದು ಜಾಕು ತಗೊಂಡು ಬಾ. ಟೈರು ಅವಳ ಕಡೆ ಹಾಕು."